ಹಿಂಬರಹದ ಉತ್ತರ: ಕಂಪನಿ ಸರಕಾರದ ಕಚೇರಿಗಳೂ ಮದರಾಸು ಪ್ರಾಂತದ ಅರ್ಜಿದಾರರೂ

1

ಅರ್ಜಿಯ ಬೆನ್ನಿನ ಮೇಲೆ ಅಧಿಕಾರಿಯು ಬರೆದುಕೊಡುವ ಒಂದೆರಡು ಸಾಲುಗಳ ಉತ್ತರಕ್ಕೆ ನಮ್ಮ ಕಚೇರಿಗಳಲ್ಲಿ ‘ಹಿಂಬರಹ’ವೆಂದು ಹೆಸರು. ಇಂದು ಅದು ಪ್ರತ್ಯೇಕವಾದ ಕಾಗದದಲ್ಲಿ ಸಂಖ್ಯೆ ದಿನಾಂಕಗಳೊಡನೆ ಬರುವುದಾದರೂ ಹೆಸರು ಮಾತ್ರ ಹಳೆಯದೇ ಉಳಿದುಬಂದಿದೆ. ಈ ಚಿಕ್ಕ ಬರಹವು ಇತಿಹಾಸಕಾರರ ಲಕ್ಷ್ಯಕ್ಕೆ ಬರುವುದು ಅಪೂರ್ವ. ಒಪ್ಪಂದಗಳನ್ನೂ ಗವರ್ನರರ ಟಿಪ್ಪಣಿಗಳನ್ನೂ ಕಂದಾಯದ ವರದಿಗಳನ್ನೂ ನಾವು ಆಸಕ್ತಿಯಿಂದ ಓದುತ್ತೇವೆ. ಅರ್ಜಿಯ ಹಿಂಬದಿಯನ್ನು ತಿರುವಿ ನೋಡುವುದಿಲ್ಲ. ಆದರೆ ಸಾಮಾನ್ಯ ಪ್ರಜೆಯ ಪಾಲಿಗೆ ಸರಕಾರವು ಮಾತನಾಡುತ್ತಿದ್ದುದು ಬಹುಮಟ್ಟಿಗೆ ಆ ಹಿಂಬದಿಯಲ್ಲಿಯೇ ಎಂಬುದನ್ನು ಮರೆಯಲಾಗದು.

ಪ್ರಕೃತ ಲೇಖನಕ್ಕೆ ನಿಮಿತ್ತವಾದುದು ನಮ್ಮ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ. “ಒಂದು ಜಿಲ್ಲೆಯ ಕಡತಗಳಲ್ಲಿ ದೂರುಗಳೇ ಕಾಣದಿದ್ದರೆ ಅಲ್ಲಿ ಅನ್ಯಾಯವಿರಲಿಲ್ಲವೆಂದು ಹೇಳಬಹುದೆ?” ಎಂದು ಅವರು ಕೇಳಿದರು. ಮೇಲ್ನೋಟಕ್ಕೆ ಸುಲಭವಾಗಿ ತೋರುವ ಈ ಪ್ರಶ್ನೆಯೊಳಗೆ ಮತ್ತೊಂದು ಪ್ರಶ್ನೆ ಅಡಗಿದೆ. ದೂರಿಗೆ ಕಚೇರಿಯು ಎಂಥ ಉತ್ತರವನ್ನು ಕೊಡುತ್ತಿದ್ದಿತು? ಆ ಉತ್ತರವನ್ನು ಪಡೆದವನು ಮತ್ತೊಮ್ಮೆ ದೂರುವನೆ? ಇದನ್ನು ವಿಚಾರಿಸದೆ ಮೊದಲನೆಯ ಪ್ರಶ್ನೆಗೆ ಉತ್ತರಿಸುವಂತಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿದ್ದ ಮದರಾಸು ಪ್ರಾಂತದಲ್ಲಿ 1830ರಿಂದ 1859ರ ವರೆಗೆ ನಡೆದ ಕೆಲವು ಸಂಗತಿಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ. ಬಳ್ಳಾರಿ ಹಾಗೂ ಕನ್ನಡ ಜಿಲ್ಲೆಗಳು ಆ ಪ್ರಾಂತದಲ್ಲಿಯೇ ಸೇರಿದ್ದುದರಿಂದ ವಿಷಯವು ಕರ್ಣಾಟಕದ ಇತಿಹಾಸಕ್ಕೆ ಹೊರಗಿನದಲ್ಲ. ಕಂಪನಿಯ ನೌಕರರು ಪ್ರಜೆಗಳಿಗೆ ಕೊಡುತ್ತಿದ್ದ ಕಳಪೆ ಉತ್ತರಗಳನ್ನು ಮೂರು ಬಗೆಗಳಾಗಿ ವಿಂಗಡಿಸಬಹುದೆಂದು ನಮ್ಮ ಅಭಿಪ್ರಾಯ. ದೂರನ್ನು ಇನ್ನೊಬ್ಬರ ಕೈಗೆ ದಾಟಿಸುವ ಉತ್ತರ ಮೊದಲನೆಯದು. ಸಂಗತಿಯೇ ಇಲ್ಲವೆನ್ನುವ ಉತ್ತರ ಎರಡನೆಯದು. ಕೇಳಿದುದನ್ನು ಬಿಟ್ಟು ಬೇರೊಂದಕ್ಕೆ ವಿಸ್ತಾರವಾಗಿ ಕೊಡುವ ಉತ್ತರ ಮೂರನೆಯದು. ಇವುಗಳನ್ನು ಜನರು ಹೇಗೆ ಎದುರಿಸಿದರು, ಯಾವ ಉಪಾಯವು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದೇ ನಮ್ಮ ವಿಚಾರ.

2

ಮೊದಲಿಗೆ ಕಚೇರಿಯ ಏರ್ಪಾಡನ್ನು ತಿಳಿಯಬೇಕು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕನ್ನಡ ಜಿಲ್ಲೆಯೂ, 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯೊಡನೆ ಬಳ್ಳಾರಿಯೂ ಕಂಪನಿಯ ಕೈಸೇರಿದುವು. ಹಳ್ಳಿಯಲ್ಲಿ ಪಟೇಲ ಶ್ಯಾನುಭೋಗರು, ತಾಲ್ಲೂಕಿನಲ್ಲಿ ತಹಸೀಲ್ದಾರ, ಜಿಲ್ಲೆಯಲ್ಲಿ ಕಲೆಕ್ಟರ್, ಮದರಾಸಿನಲ್ಲಿ 1786ರಲ್ಲಿ ಸ್ಥಾಪಿತವಾದ ರೆವಿನ್ಯೂ ಬೋರ್ಡು, ಅದರ ಮೇಲೆ ಗವರ್ನರರ ಕೌನ್ಸಿಲು, ಎಲ್ಲಕ್ಕೂ ಮೇಲೆ ಲಂಡನ್ನಿನಲ್ಲಿ ಕಂಪನಿಯ ಡೈರೆಕ್ಟರುಗಳು: ಹೀಗೆ ಮೆಟ್ಟಿಲುಗಳನ್ನು ಕಟ್ಟಲಾಗಿದ್ದಿತು. ಉಗಿಹಡಗುಗಳು ಬರುವುದಕ್ಕೆ ಮುಂಚೆ ಮದರಾಸಿನಿಂದ ಹೊರಟ ಪ್ರಶ್ನೆಗೆ ಲಂಡನ್ನಿನ ಉತ್ತರವು ಬಂದು ಮುಟ್ಟಲು ಒಂದು ವರ್ಷಕ್ಕೂ ಮೇಲ್ಪಟ್ಟು ಕಾಲ ಹಿಡಿಯುತ್ತಿದ್ದಿತು.

ಈ ಸರಕಾರವು ಬರಹದ ಮೇಲೆ ನಿಂತ ಸರಕಾರ. ಕಂಪನಿಯ ಲಂಡನ್ ಕಚೇರಿಯಲ್ಲಿ 1823ರಿಂದ ಕೆಲಸಮಾಡಿದ ತತ್ತ್ವಜ್ಞ ಜಾನ್ ಸ್ಟೂಅರ್ಟ್ ಮಿಲ್ ಅವರು 1852ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಇದನ್ನೇ ಕಂಪನಿಯ ಗುಣವಾಗಿ ಎತ್ತಿ ಹೇಳಿದರು. ಇಂಡಿಯಾದಲ್ಲಿ ಹೊರಡುವ ಪ್ರತಿಯೊಂದು ಆಜ್ಞೆಯೂ ಅದರ ಕಾರಣಗಳೂ ಬರಹದಲ್ಲಿ ದಾಖಲಾಗಿ ಮೇಲಿನವರ ಪರಿಶೀಲನೆಗೆ ಬರುವುದರಿಂದ ಒಳ್ಳೆಯ ಆಡಳಿತಕ್ಕೆ ಅದೇ ಭದ್ರವಾದ ಆಧಾರವೆಂಬುದು ಅವರ ವಾದದ ತಿರುಳು. ಈ ವಾದದಲ್ಲಿ ಸತ್ಯಾಂಶವಿದೆ. ನಾವು ಇಂದು ಆ ಕಾಲದ ಇತಿಹಾಸವನ್ನು ಬರೆಯಲು ಸಾಧ್ಯವಾಗಿರುವುದೇ ಆ ದಾಖಲೆಗಳಿಂದ. ಆದರೆ ಮಿಲ್ ಅವರ ಮೇಜಿಗೆ ಬರುತ್ತಿದ್ದುದು ಕಚೇರಿಯು ಕಚೇರಿಗೆ ಬರೆದ ಬರಹ. ರೈತನು ಕಚೇರಿಗೆ ಬರೆದ ಕಾಗದವು ಅಷ್ಟು ದೂರ ಪ್ರಯಾಣಮಾಡುತ್ತಿರಲಿಲ್ಲ. ಕಲೆಕ್ಟರರ ಕಚೇರಿಯಿಂದಲೇ ಹಿಂಬರಹವನ್ನು ಹೊತ್ತು ಅದು ಹಳ್ಳಿಗೆ ಮರಳುತ್ತಿದ್ದಿತು.

ಈ ಹಿಂಬರಹದ ಒಕ್ಕಣೆಯೇನು? ತಹಸೀಲ್ದಾರರ ಬಳಿಗೆ ಹೋಗತಕ್ಕದ್ದು ಎಂಬುದೇ ಬಹಳ ಸಾಮಾನ್ಯವಾದ ಒಕ್ಕಣೆ. ದೂರು ಯಾರ ಮೇಲೆ? ಅನೇಕ ವೇಳೆ ಅದೇ ತಹಸೀಲ್ದಾರರ ಮೇಲೆ, ಅಥವಾ ಅವರ ಕೈಕೆಳಗಿನ ಪೇದೆಗಳ ಮೇಲೆ. ಈ ವಿಪರೀತಕ್ಕೆ ಕಾರಣವು ಗುಮಾಸ್ತರ ಆಲಸ್ಯವೊಂದೇ ಅಲ್ಲ. 1802ರ ಏರ್ಪಾಡಿನಲ್ಲಿ ಪೋಲೀಸಿನ ಮೇಲ್ವಿಚಾರಣೆಯು ಜಿಲ್ಲಾ ನ್ಯಾಯಾಧೀಶರ ಕೈಯಲ್ಲಿದ್ದಿತು. ಥಾಮಸ್ ಮನ್ರೋ ಅವರ ಸಲಹೆಯನ್ನು ಅನುಸರಿಸಿ 1816ರಲ್ಲಿ ಹೊರಟ ಕಾಯಿದೆಗಳು ಅದನ್ನು ಕಲೆಕ್ಟರರಿಗೂ ಅವರ ಅಧೀನದಲ್ಲಿದ್ದ ತಹಸೀಲ್ದಾರರಿಗೂ ವರ್ಗಾಯಿಸಿದುವು. ದೇಶದ ಪೂರ್ವಪದ್ಧತಿಗೆ ಇದು ಹತ್ತಿರವೆಂದೂ ಜನರಿಗೆ ಸುಲಭವೆಂದೂ ಮನ್ರೋ ನಂಬಿದ್ದರು. ಉದ್ದೇಶವು ಒಳ್ಳೆಯದೇ ಆಗಿದ್ದಿರಬಹುದು. ಪರಿಣಾಮವಾದರೋ ಕಂದಾಯವನ್ನು ವಸೂಲುಮಾಡುವವನೂ, ಅಪರಾಧವನ್ನು ವಿಚಾರಿಸುವವನೂ, ದೂರಿಗೆ ಮೊದಲ ಉತ್ತರ ಕೊಡುವವನೂ ಒಬ್ಬನೇ ಆದುದು. ಕಲೆಕ್ಟರರಿಗೆ ಬೇಕಾದುದು ಕಾಲಕ್ಕೆ ಸರಿಯಾಗಿ ಬರುವ ಕಂದಾಯ. ಅದನ್ನು ತರುವವರು ತಹಸೀಲ್ದಾರರು. ಇಂಥ ಏರ್ಪಾಡಿನಲ್ಲಿ ಎಷ್ಟು ಸಜ್ಜನನಾದ ಗುಮಾಸ್ತನೂ ಉತ್ತಮವಾದ ಉತ್ತರವನ್ನು ಬರೆಯಲಾರನು. ತೀರ್ಮಾನಿಸುವ ಅಧಿಕಾರ ಅವನಿಗಿಲ್ಲ, ವಿಚಾರಿಸುವ ಸಾಧನ ಅವನಿಗಿಲ್ಲ. ಮೇಜಿನ ಮೇಲಿನ ಅರ್ಜಿಗಳ ಕಟ್ಟನ್ನು ಕರಗಿಸುವ ಹೊಣೆ ಮಾತ್ರ ಇದೆ.

ಇದಕ್ಕೆ ಭಾಷೆಯ ತೊಡಕೂ ಕೂಡಿಕೊಂಡಿತು. ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಬರೆದ ಅರ್ಜಿಯು ಆಂಗ್ಲ ಅಧಿಕಾರಿಗೆ ತಲಪುವ ವೇಳೆಗೆ ಶಿರಸ್ತೇದಾರರ ಬಾಯಲ್ಲಿ ಒಂದೆರಡು ವಾಕ್ಯಗಳಾಗಿ ಕುಗ್ಗಿರುತ್ತಿದ್ದಿತು. ಹೆಸರು, ಊರು, ದಿನ, ಹೊಡೆದವನ ಗುರುತು, ಬಾಕಿಯ ಮೊತ್ತ ಮೊದಲಾದ ವಿವರಗಳು ಉದುರಿಹೋಗಿ ‘ಕಂದಾಯದ ವಿಷಯವಾಗಿ ದೂರು’ ಎಂಬ ತಲೆಬರಹ ಮಾತ್ರ ಉಳಿದರೆ, ಅದಕ್ಕೆ ಸಿದ್ಧವಾದ ಒಕ್ಕಣೆಯ ಉತ್ತರವು ತಾನಾಗಿಯೇ ಒದಗುವುದು ಸಹಜ.

3

ಹೀಗೆ ಒಂಟಿಯಾಗಿ ಬರೆದ ಅರ್ಜಿಯು ಒಂಟಿಯಾಗಿಯೇ ಹಿಂದಿರುಗುವುದನ್ನು ಕಂಡ ಜನರು ಒಟ್ಟಾಗಿ ಕೇಳಲು ಮುಂದಾದುದಕ್ಕೆ ಕನ್ನಡ ಜಿಲ್ಲೆಯ ಕೂಟಗಳು ಒಳ್ಳೆಯ ನಿದರ್ಶನ. 1820ರ ದಶಕದ ಕೊನೆಯಲ್ಲಿ ಬೆಳೆಯ ಬೆಲೆ ಇಳಿಯಿತು. ಕಂದಾಯವು ನಗದಿನಲ್ಲಿ ನಿಗದಿಯಾಗಿದ್ದುದರಿಂದ ಅದೇ ಹಣಕ್ಕಾಗಿ ರೈತನು ಹೆಚ್ಚು ಅಕ್ಕಿಯನ್ನು ಮಾರಬೇಕಾಯಿತು. 1830ರ ಕೊನೆಯಲ್ಲಿಯೂ 1831ರ ಮೊದಲಲ್ಲಿಯೂ ಜಿಲ್ಲೆಯ ಹಲವು ಭಾಗಗಳಲ್ಲಿ ರೈತರು ಗುಂಪುಗುಂಪಾಗಿ ಸೇರಿ, ರಿಯಾಯಿತಿಯನ್ನು ಬೇಡಿ, ಕಂದಾಯವನ್ನು ಕೊಡದೆ ನಿಂತರು. ಈ ಸಭೆಗಳಿಗೆ ಅವರು ಇಟ್ಟ ಹೆಸರೇ ಕೂಟ. ಕಂಪನಿಯ ಇಂಗ್ಲಿಷ್ ಕಡತಗಳಲ್ಲಿಯೂ ಆ ಕನ್ನಡ ಶಬ್ದವೇ ಉಳಿದುಕೊಂಡಿತು. ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯವು ಅವರು ನೆರೆದ ಮುಖ್ಯ ಸ್ಥಳಗಳಲ್ಲೊಂದು. ಡಿಕಿನ್ಸನ್ ಎಂಬುವರು ಆಗ ಕಲೆಕ್ಟರರಾಗಿದ್ದರು. ಇದೇ ಕಾಲದಲ್ಲಿ ಘಟ್ಟದ ಮೇಲೆ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿಯೂ ರೈತರ ಕೂಟಗಳು ನಡೆದು ದಂಗೆಯ ರೂಪವನ್ನು ತಾಳಿದುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ.

ಕೂಟವೆಂದರೆ ಕೇವಲ ಪ್ರತಿಭಟನೆಯಲ್ಲ. ಒಬ್ಬನಿಗೆ ಬಂದ ಉತ್ತರವನ್ನು ಹತ್ತು ಜನರು ಕೇಳಿಸಿಕೊಳ್ಳುವ ಸ್ಥಳ ಅದು. ಬೇರೆ ಬೇರೆ ಮಾಗಣೆಗಳ ರೈತರಿಗೆ ಒಂದೇ ಬಗೆಯ ಮಾತನ್ನು ಹೇಳಿ ಕಳುಹಿಸಿದ್ದಾರೆಂಬುದು ಅಲ್ಲಿ ಮಾತ್ರ ಬಯಲಾಗಲು ಸಾಧ್ಯ. ಕಚೇರಿಯು ಹೆದರಿದುದು ಈ ಬಯಲಾಗುವಿಕೆಗೆ ಎಂದು ನಾವು ಊಹಿಸಿದರೆ ತಪ್ಪಾಗಲಾರದು. ಏಕೆಂದರೆ ಬೋರ್ಡಿನ ಕಡೆಯಿಂದ ನಡೆದ ವಿಶೇಷ ವಿಚಾರಣೆಯ ವರದಿಯು 1833ರಲ್ಲಿ ಹೊರಬಂದಾಗ ಅದರಲ್ಲಿ ಎದ್ದುಕಂಡುದು ಕೂಟಗಳನ್ನು ಹುಟ್ಟಿಸಿದವರು ಯಾರು ಎಂಬ ಶೋಧನೆ. ಕಲೆಕ್ಟರರ ಕಚೇರಿಯಲ್ಲಿದ್ದ ದೇಶೀಯ ನೌಕರರ ಒಳಜಗಳವೂ ಪಿತೂರಿಯೂ ಮುಖ್ಯ ಕಾರಣವೆಂದೂ, ಒಟ್ಟಿನಲ್ಲಿ ಕಂದಾಯವು ಅಧಿಕವಲ್ಲವೆಂದೂ ತೀರ್ಮಾನವಾಯಿತು.

ಇದು ನಾವು ಹೇಳಿದ ಮೂರನೆಯ ಬಗೆಯ ಉತ್ತರ. ಆ ವಿಚಾರಣೆಯು ಅಸತ್ಯವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಪಿತೂರಿ ಇದ್ದಿತು, ಜಿಲ್ಲೆಯ ಒಟ್ಟು ಲೆಕ್ಕದಲ್ಲಿ ಕಂದಾಯವು ಹಗುರವಾಗಿಯೂ ತೋರಿರಬಹುದು. ಆದರೆ ರೈತನು ಕೇಳಿದುದು ಜಿಲ್ಲೆಯ ಸರಾಸರಿಯನ್ನಲ್ಲ. ಬೆಲೆ ಇಳಿದಿರುವಾಗ ತನ್ನ ವರ್ಗದ ಮೇಲಿನ ಕಂದಾಯವನ್ನು ತಾನು ಹೇಗೆ ಕಟ್ಟಲಿ ಎಂಬುದು ಅವನ ಪ್ರಶ್ನೆ. ಅದಕ್ಕೆ ಬಂದ ಉತ್ತರ ‘ನಿನ್ನನ್ನು ಎತ್ತಿಕಟ್ಟಿದವರು ಇಂಥವರು’ ಎಂಬುದು. ವರದಿಯು ಎಷ್ಟು ವಿಸ್ತಾರವಾದರೂ ಪ್ರಶ್ನೆಯು ಹಾಗೆಯೇ ಉಳಿಯಿತು. ಕೂಟಗಳು ಚದುರಿದುವು. ಚದುರಿದ ಬಳಿಕ ಅವರ ಮಾತುಗಳು ಅವರದೇ ಆದ ಬರಹದಲ್ಲಿ ಒಂದೆಡೆ ಉಳಿಯಲಿಲ್ಲವಾದ್ದರಿಂದ, ಇಂದಿಗೂ ಕೂಟಗಳನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಕಂಪನಿಯ ಅಧಿಕಾರಿಗಳ ಕಾಗದಗಳನ್ನೇ ಅವಲಂಬಿಸಬೇಕಾಗಿದೆ.

4

ಎರಡು ದಶಕಗಳ ತರುವಾಯ ಮದರಾಸು ಪಟ್ಟಣದಲ್ಲಿ ಈ ಕೊರತೆಯನ್ನು ತುಂಬುವ ಪ್ರಯತ್ನವು ನಡೆಯಿತು. ಗಾಜುಲು ಲಕ್ಷ್ಮೀನರಸು ಶೆಟ್ಟಿ (1806–1868) ಎಂಬ ವರ್ತಕರು 1844ರಲ್ಲಿ ‘ಕ್ರೆಸೆಂಟ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಪ್ರಾರಂಭಿಸಿದರು. 1852ರಲ್ಲಿ ‘ಮದರಾಸ್ ನೇಟಿವ್ ಅಸೋಸಿಯೇಷನ್’ ಎಂಬ ಸಂಘವನ್ನು ಕಟ್ಟಿದರು. ಕಂಪನಿಯ ಸನ್ನದನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಾರ್ಲಿಮೆಂಟು ನವೀಕರಿಸುವುದು ರೂಢಿ. 1833ರ ಸನ್ನದಿನ ಅವಧಿಯು ಮುಗಿಯುತ್ತಲಿದ್ದಿತು. ಈ ಸಂದರ್ಭವನ್ನು ಗುರುತಿಸಿ ಸಂಘವು ಪಾರ್ಲಿಮೆಂಟಿಗೆ ನೇರವಾಗಿ ದೀರ್ಘವಾದ ಮನವಿಯನ್ನು ಸಿದ್ಧಪಡಿಸಿ ಕಳುಹಿಸಿತು. ಕಂದಾಯದ ಭಾರ, ಅದನ್ನು ವಸೂಲುಮಾಡುವಾಗ ಆಗುತ್ತಿದ್ದ ಕಿರುಕುಳ, ನ್ಯಾಯಾಲಯಗಳ ವಿಳಂಬ ಹಾಗೂ ವೆಚ್ಚ, ವಿದ್ಯಾಭ್ಯಾಸ ಮತ್ತು ಲೋಕೋಪಯೋಗಿ ಕೆಲಸಗಳ ಅಭಾವ ಇವೇ ಮೊದಲಾದುವು ಅದರ ವಿಷಯಗಳು.

ಮನವಿಯು ಒಡನೆ ಫಲಿಸಲಿಲ್ಲ. 1853ರಲ್ಲಿ ಸನ್ನದು ಮತ್ತೆ ನವೀಕೃತವಾಯಿತು. ಆದರೆ ಈ ಬಾರಿ ಅವಧಿಯನ್ನು ನಿಗದಿಪಡಿಸದೆ ಪಾರ್ಲಿಮೆಂಟು ಬೇರೆ ನಿರ್ಧಾರ ಮಾಡುವವರೆಗೆ ಎಂದು ಹೇಳಲಾಯಿತು. ಇಷ್ಟರಲ್ಲಿಯೇ ಇಂಗ್ಲೆಂಡಿನಲ್ಲಿ ಜಾನ್ ಬ್ರೈಟ್ ಮೊದಲಾದವರು ಇಂಡಿಯಾದ ಆಡಳಿತದ ಸುಧಾರಣೆಗಾಗಿ ಸಂಘವನ್ನು ಕಟ್ಟಿಕೊಂಡಿದ್ದರು. ಅವರೊಡನೆ ಸೇರಿದ್ದ ಡ್ಯಾನ್ಬಿ ಸೆಮೂರ್ ಎಂಬ ಪಾರ್ಲಿಮೆಂಟಿನ ಸದಸ್ಯರು 1853ರಲ್ಲಿ ಮದರಾಸಿಗೆ ಬಂದರು. ಲಕ್ಷ್ಮೀನರಸು ಶೆಟ್ಟಿಯವರು ಅವರನ್ನು ಪಟ್ಟಣದಲ್ಲಿ ಉಪಚರಿಸಿ ಕಳುಹಿಸಲಿಲ್ಲ. ಜಿಲ್ಲೆಗಳಿಗೆ ಕರೆದೊಯ್ದು ರೈತರ ಮಾತನ್ನು ಅವರ ಬಾಯಿಂದಲೇ ಕೇಳಿಸಿದರು. ಕಾಗದದ ಮೇಲಿನ ದೂರಿಗೆ ಕಾಗದದ ಉತ್ತರ ಸಾಕಾಗುತ್ತಿದ್ದಿತು. ಕಣ್ಣಾರೆ ಕಂಡು ಬಂದ ಸಾಕ್ಷಿಗೆ ಹಾಗೆ ಉತ್ತರಿಸುವುದು ಕಷ್ಟವಾಯಿತು.

1854ರ ಜುಲೈ ತಿಂಗಳಲ್ಲಿ ಕಾಮನ್ಸ್ ಸಭೆಯಲ್ಲಿ ಮದರಾಸು ಪ್ರಾಂತದ ಭೂಹಿಡುವಳಿಯ ಮೇಲೆ ಚರ್ಚೆ ಬಂದಾಗ, ಕಂದಾಯದ ವಸೂಲಿಗಾಗಿ ರೈತರನ್ನು ಹಿಂಸೆಗೆ ಗುರಿಪಡಿಸಲಾಗುತ್ತಿದೆಯೆಂಬ ಮಾತು ಅಲ್ಲಿ ಎದ್ದಿತು. ಕಂಪನಿಯ ಪಕ್ಷದ ಕೆಲವರು ಅದನ್ನು ನಂಬಲು ಒಪ್ಪಲಿಲ್ಲ. ಇದು ಎರಡನೆಯ ಬಗೆಯ ಉತ್ತರ. ತಮ್ಮ ಕಿವಿಗೆ ಬೀಳದುದು ಇಲ್ಲವೆಂಬ ಈ ನಿಲುವಿಗೂ ಹಿಂಬರಹಕ್ಕೂ ಇರುವ ನಂಟನ್ನು ಗಮನಿಸಬೇಕು. ಅರ್ಜಿಗಳನ್ನು ತಹಸೀಲ್ದಾರರಿಗೆ ದಾಟಿಸಿ ಕಳುಹಿಸಿದುದರಿಂದ ಮೇಲಿನ ಕಡತಗಳಲ್ಲಿ ದೂರುಗಳು ಕಾಣಿಸಲಿಲ್ಲ. ಕಡತಗಳಲ್ಲಿ ಕಾಣಿಸದುದರಿಂದ ಮೇಲಿನವರು ಸಂಗತಿಯೇ ಇಲ್ಲವೆಂದರು. ಮೊದಲನೆಯ ಕಳಪೆ ಉತ್ತರವು ಎರಡನೆಯದಕ್ಕೆ ಪುರಾವೆಯಾಗಿ ಪರಿಣಮಿಸಿತು.

5

ಚರ್ಚೆಯ ಫಲವಾಗಿ ನಿಜಸ್ಥಿತಿಯನ್ನು ವಿಚಾರಿಸಬೇಕೆಂದು ತೀರ್ಮಾನವಾಯಿತು. ಲಾರ್ಡ್ ಹ್ಯಾರಿಸ್ ಅವರ ಸರಕಾರವು 1854ರ ಸೆಪ್ಟೆಂಬರಿನಲ್ಲಿ ಮೂವರ ಕಮಿಷನ್ನನ್ನು ನೇಮಿಸಿತು. ಇ. ಎಫ್. ಎಲಿಯಟ್, ಎಚ್. ಸ್ಟೋಕ್ಸ್, ಜೆ. ಬಿ. ನಾರ್ಟನ್ ಇದರ ಸದಸ್ಯರು. ಇವರಲ್ಲಿ ನಾರ್ಟನ್ ಅವರು ಮದರಾಸಿನ ಬ್ಯಾರಿಸ್ಟರರು. ಪ್ರಾಂತದ ದುಃಸ್ಥಿತಿಯನ್ನು ಕುರಿತು ರಾಬರ್ಟ್ ಲೋ ಅವರಿಗೆ ಬಹಿರಂಗ ಪತ್ರವನ್ನು 1854ರಲ್ಲಿಯೇ ಪ್ರಕಟಿಸಿ ಕಂಪನಿಯ ಟೀಕಾಕಾರರೆಂದು ಹೆಸರಾಗಿದ್ದವರು. ಉತ್ತರವನ್ನು ಸಿದ್ಧಪಡಿಸುವ ಕೆಲಸದಲ್ಲಿ ಪ್ರಶ್ನೆ ಕೇಳುವವರ ಪಕ್ಷದ ಒಬ್ಬರನ್ನಾದರೂ ಕೂಡಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ.

ಕಮಿಷನ್ನಿನ ಕಾರ್ಯವಿಧಾನವೂ ಗಮನಾರ್ಹ. ಅದು ತಹಸೀಲ್ದಾರರ ಮೂಲಕ ದೂರುಗಳನ್ನು ಕೇಳಲಿಲ್ಲ. ಯಾರು ಬೇಕಾದರೂ ಮದರಾಸಿಗೆ ಬಂದು ಹೇಳಬಹುದು, ಬರಲಾಗದವರು ಕಾಗದ ಬರೆಯಬಹುದು ಎಂದು ಪ್ರಕಟಿಸಿತು. ಕಂಪನಿಯ ಅಧಿಕಾರಿಗಳನ್ನಲ್ಲದೆ ಸರಕಾರಕ್ಕೆ ಸೇರದ ಇತರರನ್ನೂ ಅಭಿಪ್ರಾಯ ಕೇಳಿತು. ಮೂರು ತಿಂಗಳ ಅವಧಿಯಲ್ಲಿ 519 ಮಂದಿ ಸ್ವತಃ ಬಂದು ಹೇಳಿಕೊಂಡರು; 1,440 ದೂರುಗಳು ಕಾಗದದ ಮೂಲಕ ಬಂದುವು; ಒಟ್ಟು 1,959. ಹಾಗೆ ಬಂದವರಲ್ಲಿ ಬಹಳ ದೂರದ ಜಿಲ್ಲೆಗಳವರೂ ಇದ್ದರು. ದೂರೇ ಇಲ್ಲವೆಂದು ಹೇಳಲಾಗಿದ್ದ ಪ್ರಾಂತದಲ್ಲಿ, ಪ್ರಯಾಣದ ಕಷ್ಟವನ್ನೂ ಕೆಲಸದ ನಷ್ಟವನ್ನೂ ಲೆಕ್ಕಿಸದೆ ಇಷ್ಟು ಜನರು ಮುಂದೆ ಬಂದರೆಂಬುದನ್ನು ನಾವು ಮನಗಾಣಬೇಕು.

1855ರ ಏಪ್ರಿಲಿನಲ್ಲಿ ಸಲ್ಲಿಸಿದ ವರದಿಯಲ್ಲಿ ಕಂದಾಯದ ವಸೂಲಿಗಾಗಿಯೂ ಅಪರಾಧವನ್ನು ಒಪ್ಪಿಸುವುದಕ್ಕಾಗಿಯೂ ಹಿಂಸೆಯನ್ನು ಪ್ರಯೋಗಿಸುವ ರೂಢಿ ಪ್ರಾಂತದಲ್ಲಿ ಇದೆಯೆಂದು ಕಮಿಷನ್ ಒಪ್ಪಿಕೊಂಡಿತು. ಬೆರಳುಗಳನ್ನು ಮರದ ತುಂಡುಗಳ ನಡುವೆ ಅದುಮುವ ಕಿಟ್ಟಿ, ದೇಹವನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಬೆನ್ನ ಮೇಲೆ ಕಲ್ಲು ಹೊರಿಸುವುದು ಮೊದಲಾದ ಕ್ರಮಗಳ ವರ್ಣನೆ ಅದರಲ್ಲಿದೆ. ಹಲವು ಸಂದರ್ಭಗಳಲ್ಲಿ ಇದಕ್ಕೆಲ್ಲ ಕಾರಣವಾದ ಬಾಕಿಯು ಕೆಲವೇ ರೂಪಾಯಿಗಳು. ಇಂಥ ಕೃತ್ಯಗಳನ್ನು ನಿಷೇಧಿಸುವ ಹಿಂದಿನ ಆಜ್ಞೆಗಳು ಕಂಪನಿಯ ಕಡತಗಳಲ್ಲಿಯೇ ಇದ್ದುವೆಂಬುದೂ ಹೊರಬಂದಿತು. ಲಂಡನ್ನಿನಲ್ಲಿ ‘ಕೇಳಿಲ್ಲ’ವೆಂದವರ ಮಾತಿಗೆ ಅವರ ಮನೆಯ ಕಾಗದವೇ ವಿರೋಧವಾಗಿ ನಿಂತಿತು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಪರಿಹಾರವು ಏಕೆ ದೊರಕುತ್ತಿರಲಿಲ್ಲವೆಂದು ಕಮಿಷನ್ ವಿವರಿಸಿದ ಭಾಗ. ಕಲೆಕ್ಟರರ ಕಚೇರಿಯ ದೂರ, ದಾರಿಯ ವೆಚ್ಚ, ಕಾಲನಷ್ಟ ಇವು ಒಂದು ಕಡೆ. ಕಾಗದದ ಮೂಲಕ ಬರೆದುಕೊಂಡರೆ ತಹಸೀಲ್ದಾರರನ್ನು ಕಾಣುವಂತೆ ಹೇಳುವ ಎಂದಿನ ಹಿಂಬರಹದೊಡನೆ ಅದು ಹಿಂದಿರುಗುವುದೆಂಬ ಜನರ ದೃಢವಾದ ನಂಬಿಕೆ ಮತ್ತೊಂದು ಕಡೆ. ಈ ಎರಡನೆಯದನ್ನು ಕಮಿಷನ್ ಲಘುವಾಗಿ ಎಣಿಸಲಿಲ್ಲ. ಒಮ್ಮೆ ಹಿಂದಿರುಗಿದ ಅರ್ಜಿಯು ಅರ್ಜಿದಾರನನ್ನು ಮಾತ್ರವಲ್ಲದೆ ಅವನ ನೆರೆಹೊರೆಯವರನ್ನೂ ಮೌನಗೊಳಿಸುತ್ತದೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ದೂರಿಲ್ಲದ ಕಡತವು ಅನ್ಯಾಯವಿಲ್ಲದ ಜಿಲ್ಲೆಯನ್ನು ಸೂಚಿಸಬಹುದು. ದೂರಿ ಫಲವಿಲ್ಲವೆಂದು ಕಲಿತ ಜಿಲ್ಲೆಯನ್ನೂ ಸೂಚಿಸಬಹುದು. ಹಿಂಬರಹವನ್ನು ನೋಡದೆ ಇವೆರಡನ್ನು ಬೇರ್ಪಡಿಸುವುದು ಅಸಾಧ್ಯ.

6

ಆದರೂ ಕಮಿಷನ್ನಿನ ವರದಿಯನ್ನು ಪೂರ್ಣವಾದ ಉತ್ತರವೆಂದು ಪರಿಗ್ರಹಿಸುವುದು ಸರಿಯಾಗದು. ಮೊದಲನೆಯದಾಗಿ, ಅದು ಮದರಾಸಿನಲ್ಲಿಯೇ ಕುಳಿತು ಕೇಳಿತು. ಹಡಗಲಿಯಿಂದಲೋ ಕುಂದಾಪುರದಿಂದಲೋ ಬಡ ರೈತನೊಬ್ಬನು ಅಲ್ಲಿಗೆ ಹೋಗುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು. ಎರಡನೆಯದಾಗಿ, ಜನರ ಮೊರೆಯು ತಮ್ಮ ದೇಶದವರೇ ಆದ ಕೆಳನೌಕರರ ಕ್ರೌರ್ಯದಿಂದ ತಮ್ಮನ್ನು ಕಾಪಾಡಬೇಕೆಂಬುದಾಗಿದೆಯೇ ಹೊರತು ಐರೋಪ್ಯ ಅಧಿಕಾರಿಗಳ ಮೇಲೆ ಅಲ್ಲವೆಂದು ಅದು ಹೇಳಿತು. ಪೇದೆಯು ಹೊಡೆದುದು ನಿಜ. ಆದರೆ ನಿಗದಿಯಾದ ಮೊತ್ತವು ನಿಗದಿಯಾದ ದಿನ ಬರಲೇಬೇಕೆಂದು ವಿಧಿಸಿದವರು ಯಾರು? ದೂರನ್ನು ಮತ್ತೆ ಅದೇ ತಹಸೀಲ್ದಾರರಿಗೆ ದಾಟಿಸಿದ ಹಿಂಬರಹದ ಕೆಳಗೆ ಇದ್ದುದು ಯಾರ ರುಜು? 1857ರ ಸೆಪ್ಟೆಂಬರ್ 17ರ ‘ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಈ ವರದಿಯನ್ನು ವಿಮರ್ಶಿಸಿದ ಕಾರ್ಲ್ ಮಾರ್ಕ್ಸ್ ಅವರು, ಕಮಿಷನ್ ಸಂಗ್ರಹಿಸಿದ ಸಂಗತಿಗಳಿಗೂ ಐರೋಪ್ಯರನ್ನು ನಿರ್ದೋಷಿಗಳೆನ್ನುವ ಅದರ ತೀರ್ಮಾನಕ್ಕೂ ಹೊಂದಿಕೆಯಿಲ್ಲವೆಂಬುದನ್ನು ಎತ್ತಿ ತೋರಿಸಿದರು. ಮಾರ್ಕ್ಸರ ರಾಜಕೀಯ ಸಿದ್ಧಾಂತವನ್ನು ಒಪ್ಪುವವರೂ ಒಪ್ಪದವರೂ ಈ ಒಂದು ಅಂಶದಲ್ಲಿ ಭಿನ್ನಾಭಿಪ್ರಾಯವನ್ನು ತಾಳಬೇಕಾಗಿಲ್ಲ. ವರದಿಯ ಸಾಕ್ಷ್ಯವು ಅದರ ತೀರ್ಪಿಗಿಂತ ದೊಡ್ಡದು.

ದೂರಿದವರ ಎಲ್ಲ ಮಾತುಗಳೂ ಸತ್ಯವೆಂದು ಭಾವಿಸುವುದೂ ವಿಮರ್ಶೆಯಲ್ಲ. 1,959 ದೂರುಗಳಲ್ಲಿ ಉತ್ಪ್ರೇಕ್ಷೆ ಇದ್ದಿರಬಹುದು, ಹಳೆಯ ದ್ವೇಷವೂ ಇದ್ದಿರಬಹುದು. ಆದರೆ ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ಜಿಲ್ಲೆಗಳ, ಬೇರೆ ಬೇರೆ ಭಾಷೆಗಳ ಜನರು ಒಂದೇ ಬಗೆಯ ಹಿಂಸೆಯನ್ನೂ ಒಂದೇ ಬಗೆಯ ಹಿಂಬರಹವನ್ನೂ ವರ್ಣಿಸಿದಾಗ ಆ ಸಾಮ್ಯವೇ ಪ್ರಮಾಣವಾಗುತ್ತದೆ. ಒಂದು ಶಾಸನದಲ್ಲಿ ಕಂಡ ಹೆಸರನ್ನು ಇನ್ನೊಂದು ಶಾಸನದಿಂದ ಸ್ಥಿರಪಡಿಸಿಕೊಳ್ಳುವ ನಮ್ಮ ಪದ್ಧತಿಗೂ ಇದಕ್ಕೂ ಮೂಲದಲ್ಲಿ ಭೇದವಿಲ್ಲ.

ಪರಿಣಾಮಗಳು ನಿಧಾನವಾಗಿ ಬಂದುವು. 1858ರಲ್ಲಿ ಕಂಪನಿಯ ಆಳ್ವಿಕೆಯು ಕೊನೆಗೊಂಡು ಅಧಿಕಾರವು ಬ್ರಿಟಿಷ್ ರಾಣಿಯ ಸರಕಾರಕ್ಕೆ ಸೇರಿತು. 1857ರ ದಂಗೆಯೇ ಅದಕ್ಕೆ ಮುಖ್ಯ ಕಾರಣವಾದರೂ ಮದರಾಸಿನ ಈ ವರದಿಯು ಇಂಗ್ಲೆಂಡಿನಲ್ಲಿ ಕಂಪನಿಯ ಕೀರ್ತಿಯನ್ನು ಕುಂದಿಸಿದ್ದಿತು. 1859ರ 24ನೆಯ ಕಾಯಿದೆಯು ಮದರಾಸು ಪ್ರಾಂತದಲ್ಲಿ ಪೋಲೀಸನ್ನು ಕಂದಾಯದ ಇಲಾಖೆಯಿಂದ ಬೇರ್ಪಡಿಸಿ ಪ್ರತ್ಯೇಕವಾದ ದಳವನ್ನು ಏರ್ಪಡಿಸಿತು. 1816ರಲ್ಲಿ ಕಟ್ಟಿದ ಗಂಟು ನಲವತ್ತಮೂರು ವರ್ಷಗಳ ಮೇಲೆ ಭಾಗಶಃ ಸಡಿಲಿತು. ಪೋಲೀಸರ ಹಿಂಸೆ ಇದರಿಂದ ನಿಂತಿತೆಂದು ಯಾರೂ ಹೇಳಲಾರರು. ಆದರೆ ಕಂದಾಯದ ವಸೂಲಿಯವನ ಮೇಲಿನ ದೂರನ್ನು ಕೊಂಡೊಯ್ಯಲು ಎರಡನೆಯ ಬಾಗಿಲೊಂದು ತೆರೆಯಿತು. ಇದಕ್ಕಾಗಿ ತಮ್ಮ ಐಶ್ವರ್ಯವನ್ನು ವೆಚ್ಚಮಾಡಿದ ಲಕ್ಷ್ಮೀನರಸು ಶೆಟ್ಟಿಯವರು 1868ರಲ್ಲಿ ಬಡತನದಲ್ಲಿಯೇ ತೀರಿಕೊಂಡರು.

7

ಮೇಲಿನ ವಿವರಣೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಚೇರಿಯ ಕಳಪೆ ಉತ್ತರಕ್ಕೆ ಉತ್ತರ ಬರೆದವನ ಅಜ್ಞಾನವೋ ದುರುದ್ದೇಶವೋ ಕಾರಣವೆಂದು ಮೊದಲೇ ನಿಶ್ಚಯಿಸುವುದು ಅವಸರದ ಮಾತು. ಅವನನ್ನು ಕೂರಿಸಿದ ಸ್ಥಾನವನ್ನು ನೋಡಬೇಕು. ಉತ್ತರಿಸುವವನ ಕರ್ತವ್ಯವು ದೂರನ್ನು ಮುಗಿಸುವುದಾಗಿದ್ದು, ಪರಿಹರಿಸುವ ಅಧಿಕಾರವು ಅವನಿಗೆ ಇಲ್ಲದಿರುವಲ್ಲಿ ಹಿಂಬರಹವೇ ಹುಟ್ಟುತ್ತದೆ. ಗುಮಾಸ್ತನನ್ನು ಬೈದುದರಿಂದ 1816ರ ಕಾಯಿದೆ ಬದಲಾಗುತ್ತಿರಲಿಲ್ಲ.

ಅಂಥ ಉತ್ತರವನ್ನು ಎದುರಿಸಿದ ಉಪಾಯಗಳಲ್ಲಿ ಫಲಿಸಿದುದು ಯಾವುದು? ಕೂಟದಲ್ಲಿ ಧೈರ್ಯವಿದ್ದಿತು, ಒಗ್ಗಟ್ಟಿದ್ದಿತು. ತನ್ನದೇ ಆದ ದಾಖಲೆ ಇರಲಿಲ್ಲವಾಗಿ ಕೊನೆಯ ಮಾತನ್ನು ಕಚೇರಿಯೇ ಬರೆಯಿತು. ಮದರಾಸಿನ ಸಂಘವು ಪ್ರಶ್ನೆಯನ್ನು ಅಚ್ಚುಮಾಡಿಸಿತು. ಮೇಲಿನ ಅಂಗಳಕ್ಕೆ ಒಯ್ದಿತು. ಹೊರಗಿನ ಸಾಕ್ಷಿಯನ್ನು ಕರೆತಂದಿತು. ಕಮಿಷನ್ ಬಿಡಿಬಿಡಿಯಾದ ದೂರುಗಳನ್ನು ಒಂದೆಡೆ ಕೂಡಿಹಾಕಿತು. ಒಂದೊಂದಾಗಿ ಇದ್ದಾಗ ಸುಲಭವಾಗಿ ಹಿಂದಿರುಗಿಸಬಹುದಾಗಿದ್ದ ಕಾಗದಗಳು, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಹಿಂದಿರುಗಿಸಲು ಬಾರದಂತಾದುವು. ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಎಲ್ಲರೂ ಕಾಣುವಂತೆ ಜೊತೆಯಾಗಿ ಕಾದಿಡುವುದರಲ್ಲಿರುವ ಬಲವು ಕೋಪದಲ್ಲಿಲ್ಲ ಎಂಬುದೇ ಈ ಪ್ರಕರಣದಿಂದ ನಾವು ಕಲಿಯತಕ್ಕ ಪಾಠ.

ನಮ್ಮ ಕಾಲದಲ್ಲಿ ಈ ಪಾಠವು ಒಂದು ಮಟ್ಟಿಗೆ ಕಾನೂನಿನ ರೂಪವನ್ನು ಪಡೆದಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಅರ್ಜಿಯನ್ನು ತಿರಸ್ಕರಿಸುವುದಾದರೆ ಕಾರಣಗಳನ್ನೂ, ಎಷ್ಟು ದಿನಗಳೊಳಗೆ ಯಾರಿಗೆ ಮೇಲ್ಮನವಿ ಸಲ್ಲಿಸಬಹುದೆಂಬುದನ್ನೂ ಆ ಉತ್ತರದಲ್ಲಿಯೇ ತಿಳಿಸಬೇಕು. ಹಳೆಯ ಹಿಂಬರಹದಲ್ಲಿ ಇಲ್ಲದೆ ಹೋದುವು ಈ ಎರಡೇ. ಅತ್ತ ದೊಡ್ಡ ದೊಡ್ಡ ವ್ಯಾಪಾರದ ಕಂಪನಿಗಳಿಗೆ ದೂರು ಬರೆದವರು, ಕೇಳಿದುದನ್ನು ಓದದೆಯೇ ಬರೆದಂತಿರುವ ಸಿದ್ಧ ಒಕ್ಕಣೆಯ ಉತ್ತರಗಳನ್ನು ಇಂದಿಗೂ ಪಡೆಯುತ್ತಿರುವುದುಂಟು. ಅವರಿಗೂ ಆ ಉತ್ತರವನ್ನು ಹರಿದೆಸೆಯದೆ, ಪ್ರಶ್ನೆಯ ಜೊತೆಯಲ್ಲಿ, ದಿನಾಂಕವನ್ನು ನಮೂದಿಸಿ, ಅದೇ ಕಷ್ಟದಲ್ಲಿರುವ ಇತರರ ಕಣ್ಣಿಗೆ ಬೀಳುವಲ್ಲಿ ಇಡಿರೆಂದು ಇತಿಹಾಸದ ಅಧ್ಯಾಪಕರಾಗಿ ನಾವು ಹೇಳಬಹುದು.

ವಿದ್ಯಾರ್ಥಿಗಳಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಪತ್ರಾಗಾರದಲ್ಲಿ ಅರ್ಜಿಯೊಂದು ಕೈಗೆ ಬಂದಾಗ ಅದರ ಒಕ್ಕಣೆಯನ್ನು ನಕಲು ಮಾಡಿಕೊಂಡು ಎದ್ದು ಬರಬೇಡಿ. ಹಾಳೆಯನ್ನು ತಿರುವಿ ನೋಡಿ. ಯಾರು ಉತ್ತರಿಸಿದರು, ಯಾರ ಬಳಿಗೆ ಕಳುಹಿಸಿದರು, ಎಷ್ಟು ದಿನಗಳ ಮೇಲೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಮುಂಬದಿಯಲ್ಲಿ ಪ್ರಜೆಯ ಕಷ್ಟವಿದ್ದರೆ ಹಿಂಬದಿಯಲ್ಲಿ ಸರಕಾರದ ಸ್ವಭಾವವಿರುತ್ತದೆ. ಇತಿಹಾಸಕ್ಕೆ ಎರಡೂ ಬೇಕು.